ಬಿಕ್ಕಲಂ ಯಾರದು?

ನಮ್ಮ ಕಡೆಯ ಹಳೆಯ ಕ್ರಯಪತ್ರಗಳ ಕೊನೆಯಲ್ಲಿ 'ಬಿಕ್ಕಲಂ' ಎಂಬ ಪದ ಕಾಣುತ್ತದೆ. ಅದರ ಮುಂದೆ ಪತ್ರ ಬರೆದವರ ಹೆಸರು. ಕಲಮ್ ಎಂದರೆ ಲೇಖನಿ. ಇಂಥವರ ಲೇಖನಿಯಿಂದ ಎಂದು ಅರ್ಥ. ಮಾರಿದವನ, ಸಾಕ್ಷಿಗಳ ಸಹಿ ಇದ್ದರೂ ಬರೆದವನ ಹೆಸರೂ ಇರಲಿ ಎಂದು ಹಿರಿಯರು ಬಯಸಿದ್ದೇಕೆ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಜನರ ಕೈಗೆ ಬಂದ ಮೇಲೆ ಈ ಪ್ರಶ್ನೆ ಹೊಸದಾಗಿ ಎದ್ದಿದೆ. ಅರ್ಜಿ, ಜಾಹೀರಾತು, ಭಾಷಣ ಎಲ್ಲವನ್ನೂ ಯಂತ್ರ ನಿಮಿಷದಲ್ಲಿ ಬರೆದುಕೊಡುತ್ತದೆ, ಕನ್ನಡದಲ್ಲೂ. ಹೀಗಿರುವಾಗ ಸ್ಕಂದಗಿರಿಯ ಬುಡದ ಕಳವಾರದ ಪದವೀಧರೆಯೊಬ್ಬಳು ಚಿಕ್ಕಬಳ್ಳಾಪುರದಲ್ಲಿ 'ಇಲ್ಲಿ ಮನುಷ್ಯರೇ ಬರೆದುಕೊಡುತ್ತಾರೆ' ಎಂದು ಬೋರ್ಡು ಹಾಕಿದರೆ ಅದು ಜಾಣತನವೇ? ಅದಕ್ಕಿಂತ ಮುಖ್ಯವಾಗಿ, ನ್ಯಾಯವೇ? ಪುಕ್ಕಟೆ ಸಿಗುವುದಕ್ಕೆ ಬಡವನಿಂದ ಹಣ ಪಡೆಯಬಹುದೇ?

ಶಿಡ್ಲಘಟ್ಟದ ರೇಷ್ಮೆ ಬಲ್ಲವರು ಇನ್ನೊಂದು ಮಾತು ಹೇಳಬಹುದು. ಚರಕದಲ್ಲಿ ಗೂಡಿನಿಂದ ಬಿಚ್ಚುತ್ತಿದ್ದ ನೂಲನ್ನು ಇಂದು ಸ್ವಯಂಚಾಲಿತ ಯಂತ್ರವೂ ಬಿಚ್ಚುತ್ತದೆ. ಕೊಳ್ಳುವವನು ಕೈ ಯಾರದೆಂದು ಕೇಳುವುದಿಲ್ಲ. ಎಳೆ ಸಮವಾಗಿದೆಯೇ, ಗಟ್ಟಿಯಾಗಿದೆಯೇ ಎಂದು ನೋಡುತ್ತಾನೆ. ಬರಹಕ್ಕೂ ಅಷ್ಟೇ ಸಾಕಲ್ಲವೇ?

ಸಾಲದೆಂದು ನಮಗನಿಸುತ್ತದೆ. ಎಳೆ ಕಡಿದರೆ ಮಗ್ಗ ಅಲ್ಲೇ ನಿಲ್ಲುತ್ತದೆ. ಕ್ರಯಪತ್ರದ ಚಕ್ಕುಬಂದಿ ತಪ್ಪಿದರೆ ಅದು ತಿಳಿಯುವುದು ಇಪ್ಪತ್ತು ವರ್ಷಗಳ ನಂತರ, ಮಕ್ಕಳು ಕೋರ್ಟಿನಲ್ಲಿ ನಿಂತಾಗ. ಯಂತ್ರದ ಬರಹದಲ್ಲಿ ತಪ್ಪು ಕೂಡ ನಯವಾಗಿಯೇ ಇರುತ್ತದೆ. ಮೇಲಾಗಿ ನಮ್ಮದು ಗಡಿ ಜಿಲ್ಲೆ. ಮನೆಯಲ್ಲಿ ತೆಲುಗನ್ನೋ ದಖ್ಖನಿಯನ್ನೋ ಆಡುವ ವೃದ್ಧೆ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬೇಕು. ಆಕೆ ಹೇಳಿದ್ದನ್ನು ಬರೆಯುವುದು ಸುಲಭ. ಸಂಕೋಚದಿಂದ ಹೇಳದೆ ಬಿಟ್ಟದ್ದನ್ನು ಕೇಳಿ ತಿಳಿಯುವುದು, ಬರೆದದ್ದನ್ನು ಆಕೆಯ ಮಾತಿನಲ್ಲೇ ಓದಿ ಹೇಳಿ 'ಇದೇ ತಾನೇ ಅಮ್ಮಾ?' ಎಂದು ವಿಚಾರಿಸುವುದು ಕಷ್ಟ.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ಪತ್ರ ಬರೆಯುವುದರ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ನಿರಾಕರಿಸಬಾರದು, ಅವನಿಗೂ ತೊಂದರೆಯಾಗಬಾರದು ಎಂಬುದು ಅದರ ಬೋಧನೆ. ಬರವಣಿಗೆಯನ್ನು ಅದು ಬರಿಯ ಕೈಚಳಕವೆಂದು ಕಾಣದೆ ಅಮಾನತ್ತೆಂದು ಕಾಣುತ್ತದೆ. ಅಮಾನತ್ತಿಗೆ ಉತ್ತರ ಹೇಳುವ ಒಬ್ಬ ಮನುಷ್ಯ ಬೇಕು. ಯಂತ್ರವನ್ನು ಯಾರೂ ಸಾಕ್ಷಿಕಟ್ಟೆಗೆ ಕರೆಯಲಾರರು.

ಆದ್ದರಿಂದ ಆ ಯುವತಿ ಹಣ ಪಡೆಯುವುದು ಅಕ್ಷರಗಳಿಗಲ್ಲ, ಹೊಣೆಗಾರಿಕೆಗೆ. ಆಕೆ ಯಂತ್ರದ ನೆರವು ಪಡೆದರೆ ತಪ್ಪೇನೂ ಇಲ್ಲ. ಪಡೆದು ಮುಚ್ಚಿಟ್ಟರೆ ಅದು ತೂಕದಲ್ಲಿ ಮಾಡುವ ಮೋಸ. ಪ್ರತಿ ಸಾಲನ್ನೂ ಓದಿ, ತಿದ್ದಿ, ಕೆಳಗೆ ತನ್ನ ಹೆಸರು ಹಾಕಲು ಅಂಜದಿದ್ದರೆ ಬೋರ್ಡಿನ ಮಾತು ನಿಜವಾಗುತ್ತದೆ.

ಇನ್ನು ಉಳಿದದ್ದು ನಮ್ಮ ಪಾಲಿನದು. ಪ್ರಾಮಾಣಿಕರಿಗೆ ಕಾಲವಲ್ಲ ಎಂದು ನಾವು ಆಗಾಗ ಮರುಗುತ್ತೇವೆ. ಮೊಬೈಲಿನಲ್ಲಿ ಪುಕ್ಕಟೆ ಅರ್ಜಿ ಸಿಗುವಾಗಲೂ ಆ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು, ಬರೆದವಳ ಕೈಗೆ ಐವತ್ತು ರೂಪಾಯಿ ಇಡಲು ನಾವು ಸಿದ್ಧರಿದ್ದೇವೆಯೇ?