ಸರಾಸರಿ ಎಷ್ಟು ನಿಜ?

ಮುಂಬಯಿಯಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವನಿಗೂ ಕ್ರಿಕೆಟ್ ಆಟಗಾರರ ಸರಾಸರಿ ಬಾಯಿಪಾಠ. ಒಬ್ಬ ಮನುಷ್ಯನ ಇಪ್ಪತ್ತು ವರ್ಷಗಳ ದುಡಿಮೆಯನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವುದು ಅನುಕೂಲವೇನೋ ಹೌದು. ಆದರೆ ಅನುಕೂಲವಾದದ್ದೆಲ್ಲ ನ್ಯಾಯವೂ ಆಗಿರಬೇಕೆಂದಿಲ್ಲ. ಮನುಷ್ಯನ ಯೋಗ್ಯತೆಯನ್ನು ಸರಾಸರಿಯಿಂದ ತೂಗಬಹುದೆ?

ಇದೇ ಊರಿನ ವಿಜಯ್ ಮರ್ಚೆಂಟರು ಪ್ರಥಮ ದರ್ಜೆಯ ಪಂದ್ಯಗಳಲ್ಲಿ 234 ಸಲ ಬ್ಯಾಟು ಹಿಡಿದು 13,470 ರನ್ನು ಗಳಿಸಿದರು. ಅದರಲ್ಲಿ 46 ಸಲ ಔಟಾಗದೆ ಉಳಿದರು. ಔಟಾಗದ ಸರದಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಕ್ರಿಕೆಟ್ಟಿನ ಕ್ರಮ. ಹಾಗಾಗಿ 188ರಿಂದ ಭಾಗಿಸಿದಾಗ ಅವರ ಸರಾಸರಿ 71ಕ್ಕೂ ಮಿಕ್ಕುತ್ತದೆ. ಎಲ್ಲ ಸರದಿಗಳನ್ನೂ ಹಿಡಿದರೆ 57ಕ್ಕೆ ಇಳಿಯುತ್ತದೆ. ಆಟಗಾರ ಅವರೇ, ರನ್ನು ಅಷ್ಟೇ. ಬದಲಾದದ್ದು ನಮ್ಮ ಒಪ್ಪಂದ ಮಾತ್ರ.

ಅಮೆರಿಕದ ಬೇಸ್‌ಬಾಲಿನಲ್ಲೂ ಹೀಗೆಯೇ ಆಯಿತು. ಚೆಂಡೆಸೆಯುವವನ ತಪ್ಪಿನಿಂದ ಪುಕ್ಕಟೆಯಾಗಿ ಮೊದಲ ನೆಲೆಗೆ ನಡೆದುಹೋಗುವುದನ್ನೂ 1887ರ ಒಂದು ವರ್ಷ ಹೊಡೆತವೆಂದೇ ಎಣಿಸಿದರು. ಸೇಂಟ್ ಲೂಯಿಸ್ ತಂಡದ ಟಿಪ್ ಓ'ನೀಲನ ಸರಾಸರಿ ಹತ್ತಿರ ಹತ್ತಿರ ಅರ್ಧಕ್ಕೇ ಏರಿತು. ಆಮೇಲೆ ಆ ನಡಿಗೆಗಳನ್ನು ಕಳೆದರು, ಈಗ ದಾಖಲೆಯಲ್ಲಿರುವುದು.435. ಹೀಗಾಗಿ 1894ರಲ್ಲಿ .440 ಗಳಿಸಿದ ಹ್ಯೂ ಡಫಿ ಅವನಿಗಿಂತ ಮೇಲಾದ. ಸತ್ತವರ ಸರಾಸರಿಯೂ ಬದುಕಿರುವವರ ಕೈಯಲ್ಲಿದೆ ಎಂದಾಯಿತು.

ಇದು ಎಣಿಸುವ ಕ್ರಮದ ಮಾತು. ಎಣಿಕೆಗೇ ಸಿಗದವರ ಗತಿಯೇನು? ಪಾಲ್ವಣಕರ್ ಬಾಳೂ 1876ರಲ್ಲಿ ನಮ್ಮ ಧಾರವಾಡದಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯದಲ್ಲಿ ಹುಟ್ಟಿದವರು. ಪುಣೆಯ ಯುರೋಪಿಯನ್ನರ ಜಿಮಖಾನೆಯಲ್ಲಿ ಕೆಲಸಕ್ಕಿದ್ದಾಗ ದೊರೆಗಳ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆದರು. ಅಲ್ಲಿ ಅವರ ಕೈಗೆ ಬ್ಯಾಟು ಕೊಟ್ಟವರಿಲ್ಲ. ಮುಂದೆ ಅದೇ ಊರಿನ ಹಿಂದೂ ತಂಡಕ್ಕೆ ಆಡುವಾಗಲೂ ಅವರಿಗೆ ಚಹಾ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಅವರ ಬ್ಯಾಟಿಂಗ್ ಸರಾಸರಿ ಹದಿನಾಲ್ಕನ್ನೂ ಮುಟ್ಟುವುದಿಲ್ಲ. ಬ್ಯಾಟು ಸಿಗದ ಆ ವರ್ಷಗಳನ್ನು ಯಾವ ಭಾಜಕದಲ್ಲಿ ಹಿಡಿಯೋಣ?

ಹಾಗೆಂದು ಅಂಕಿಗಳನ್ನು ಗಂಟುಕಟ್ಟಿ ಅರಬ್ಬಿ ಸಮುದ್ರಕ್ಕೆ ಎಸೆಯುವುದೂ ಸರಿಯಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಇದೇ ಬಾಳೂ 114 ವಿಕೆಟ್ಟು ಕಿತ್ತರು. ಆ ಅಂಕಿಗೆ ಮಡಿಮೈಲಿಗೆಯಿಲ್ಲ. ಜಾತಿ ಕೇಳಿ ಬಾಗಿಲು ಮುಚ್ಚುವವರ ಎದುರು ಬಾಳೂ ಪರವಾಗಿ ವಾದಿಸಲು ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರಿರಲಿಲ್ಲ. ದೊಡ್ಡವರ ಶಿಫಾರಸು ಇಲ್ಲದವನಿಗೆ ಅಂಕಿಯೇ ಆಸರೆ. ಅಂಕಿ ಹೇಳಿದ್ದನ್ನು ನಂಬೋಣ; ಅದು ಹೇಳದೆ ಬಿಟ್ಟದ್ದನ್ನು ನಾವೇ ಕೇಳಿ ತಿಳಿಯಬೇಕು.

ಈ ಮಾತು ಮೈದಾನಕ್ಕಷ್ಟೇ ಅಲ್ಲ, ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ದಕ್ಷಿಣ ಕನ್ನಡದಿಂದ ಬಂದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಮೆಟ್ರಿಕ್ ಮುಗಿಸಿದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ! ಅವರ ಅಂಕಪಟ್ಟಿಯಲ್ಲಿ ನೂರಕ್ಕೆ ನಲವತ್ತಿದ್ದೀತು. ಇಂದು ಅವರ ಮೊಮ್ಮಗ ತೊಂಬತ್ತು ತಂದರೂ "ಪಕ್ಕದ ಮನೆಯವನಿಗೆ ತೊಂಬತ್ತೈದು" ಎಂದು ನಾವು ಮುಖ ಸಣ್ಣದು ಮಾಡುತ್ತೇವೆ. ಆ ನಲವತ್ತು ಈ ತೊಂಬತ್ತಕ್ಕಿಂತ ದೊಡ್ಡದೆಂದು ನಾನು ವಾದಿಸುತ್ತಿಲ್ಲ. ಎರಡೂ ಬೇರೆ ಬೇರೆ ಪಿಚ್ಚಿನ ಮೇಲೆ ಗಳಿಸಿದವು, ಅಷ್ಟೆ. ಮಗುವಿನ ಅಂಕಪಟ್ಟಿ ಕೈಗೆ ಬಂದಾಗ "ಎಷ್ಟು ಬಂತು?" ಎಂದು ಧಾರಾಳವಾಗಿ ಕೇಳೋಣ. ಅದರ ಜೊತೆಗೇ "ಹೇಗೆ ಆಡಿದೆ, ಏನು ಕಷ್ಟವಾಯಿತು?" ಎಂದು ಕೇಳಲು ನಮಗೆ ಖರ್ಚೇನೂ ಇಲ್ಲ.