ಖಾಲಿಯಿಂದ ಎತ್ತಿಕೊಂಡ ಹಾಡು

ಸಂಗೀತ ಬರೆಯುವ ಸಾಫ್ಟ್‌ವೇರಿನಲ್ಲಿ ಹೊಸ ಹಾಳೆ ತೆರೆದರೆ ಅದು ಬರಿದಾಗಿರುವುದಿಲ್ಲ. ಐದು ಗೆರೆಗಳಿರುತ್ತವೆ, ಎಡಗಡೆ ಸುರುಳಿ ಸುತ್ತಿದ ಟ್ರೆಬಲ್ ಕ್ಲೆಫ್ ಇರುತ್ತದೆ, ಅದರ ಮಗ್ಗುಲಿಗೆ ನಾಲ್ಕರ ಮೇಲೆ ನಾಲ್ಕು ಕೂತಿರುತ್ತದೆ. ಆಮೇಲೆ ಉದ್ದಕ್ಕೂ ಬಾರುಗಳು, ನಿಂತ ಗೆರೆಗಳು ಕತ್ತರಿಸಿಟ್ಟ ಮನೆಗಳು. ಒಂದೊಂದು ಬಾರಿನ ನಟ್ಟನಡುವೆ, ಮೇಲಿನಿಂದ ಎರಡನೆಯ ಗೆರೆಗೆ ಜೋತುಬಿದ್ದ ಸಣ್ಣದೊಂದು ಕಪ್ಪು ಪಟ್ಟಿ. ಅದು ಮೌನದ ಗುರುತು. ನಾನಿನ್ನೂ ಒಂದು ಸ್ವರವನ್ನೂ ಬರೆದಿಲ್ಲ, ಆಗಲೇ ಅಲ್ಲಿ ನಾಲ್ಕು ಮಾತ್ರೆಗಳ ಮೌನವನ್ನು ಬಾರು ಬಾರಿಗೂ ಅಳೆದು ಇಟ್ಟಾಗಿದೆ.

ನಾನು ಬಳಸುವುದು ಮ್ಯೂಸ್‌ಸ್ಕೋರ್. ಜರ್ಮನಿಯ ವೆರ್ನರ್ ಶ್ವೇರ್ 2002ರಲ್ಲಿ ಶುರುಮಾಡಿದ್ದು, ದುಡ್ಡು ಕೊಡದೆ ಸಿಗುತ್ತದೆ. ಅದರಲ್ಲಿ ಎನ್ ಕೀ ಒತ್ತಿದರೆ ಸ್ವರ ಹಾಕಲು ಅಪ್ಪಣೆ. ಮುಂದೆ 5 ಒತ್ತಬೇಕು. ಅದು ಒಂದು ಮಾತ್ರೆಯ ಅಳತೆ, ಕ್ರಾಚೆಟ್. ಆಮೇಲೆ ಸಿ ಒತ್ತಿದರೆ ಷಡ್ಜ ಬಂದು ಕೂರುತ್ತದೆ. ಕೂತ ಆ ಗಳಿಗೆಯಲ್ಲೇ ಕಪ್ಪು ಪಟ್ಟಿ ಮಾಯವಾಗಿ, ಸ್ವರದ ಹಿಂದೆ ಒಂದು ಮಾತ್ರೆಯ ಮೌನ, ಅದರ ಹಿಂದೆ ಎರಡು ಮಾತ್ರೆಯ ಮೌನ ಕಾಣಿಸಿಕೊಳ್ಳುತ್ತವೆ. ಒಂದು, ಒಂದು, ಎರಡು. ಮೊತ್ತ ಮತ್ತೆ ನಾಲ್ಕೇ. ಸ್ವರ ಹಾಕುವುದೆಂದರೆ ಖಾಲಿ ಜಾಗಕ್ಕೆ ಏನನ್ನೋ ತಂದು ತುಂಬುವುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದವನಿಗೆ, ಮೊದಲೇ ಇರುವ ಮೌನದಿಂದ ಬೇಕಾದಷ್ಟನ್ನೇ ಕೊಯ್ದು ತೆಗೆಯುವುದೂ ಅದೇ ಕೆಲಸ ಎಂದು ಕಣ್ಣಿಗೆ ಕಂಡದ್ದು ಆವತ್ತು. ಎಷ್ಟು ಸ್ವರ ಹಾಕಿದರೂ ಬಾರಿನ ಲೆಕ್ಕ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಇದನ್ನು ನೋಡುತ್ತ ಎಷ್ಟೋ ಹೊತ್ತು ಕೂತಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವಳು ಖಾನಾಪುರದ ಒಬ್ಬ ಹುಡುಗಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಾನುವಾರ ಚರ್ಚಿನಲ್ಲಿ ಪಿಟೀಲು. ಐದು ಗೆರೆಯ ಹಾಳೆಯನ್ನು ನಾವು ದಿನಪತ್ರಿಕೆ ಓದಿದ ಹಾಗೆ ಓದುತ್ತಾಳೆ. ನನ್ನ ಗುರುಗಳು ಕಲಿಸಿದ ಭೂಪ ರಾಗದ ಒಂದು ಮಧ್ಯಲಯದ ಬಂದಿಶ್ ಅವಳ ಕಿವಿಗೆ ಬಿದ್ದು, ಅದನ್ನು ನುಡಿಸಲೇಬೇಕೆಂದು ಹಠ ಹಿಡಿದಳು. ನನ್ನ ಹಳೆಯ ವಹಿಯನ್ನು ಅವಳ ಮುಂದೆ ಬಿಚ್ಚಿಟ್ಟೆ. ಭಾತಖಂಡೆ ಪದ್ಧತಿಯ ಬರಹ. ಹದಿನಾರು ಕಟ್ಟು, ಕೆಳಗೆ ತಾಳದ ಗುರುತು, ಮೇಲೆ ಸಾ ರೇ ಗ ಪ.

"ಸರ್, ಅಕ್ಷರ ಎಲ್ಲಾ ಅದಾವ. ಯಾವುದು ಎಷ್ಟ ಬೀಟ್ ಅಂತ ಎಲ್ಲಿ ಬರದೀರಿ?"

"ಒಂದ ಅಕ್ಷರಕ್ಕ ಒಂದ ಮಾತ್ರೆ, ತಂಗಿ. ಡ್ಯಾಶ್ ಇದ್ರ ಅಷ್ಟು ಲಂಬಸಬೇಕು."

ಅವಳು ತಲೆಯಾಡಿಸಿದಳೇ ಹೊರತು ಒಪ್ಪಲಿಲ್ಲ. ಅವಳ ಲಿಪಿಯಲ್ಲಿ ಪ್ರತಿ ಸ್ವರವೂ ತನ್ನ ಆಯುಷ್ಯವನ್ನು ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. ತಲೆ ತುಂಬಿದೆಯೋ ಪೊಳ್ಳಾಗಿದೆಯೋ, ಕಡ್ಡಿ ಇದೆಯೋ ಇಲ್ಲವೋ, ಬಾಲ ಎಷ್ಟು, ಇಷ್ಟರಲ್ಲಿ ಎಲ್ಲ ಹೇಳಿ ಮುಗಿದಿರುತ್ತದೆ. ನನ್ನ ವಹಿಯ ಸ್ವರಕ್ಕೆ ಆಯುಷ್ಯ ಸಿಗುವುದು ಅದು ಕೂತ ಜಾಗದಿಂದ, ಅಕ್ಕಪಕ್ಕದವರಿಂದ, ಕೆಳಗೆ ನಡೆಯುತ್ತಿರುವ ತಾಳದಿಂದ.

ಬೆಳಗಾವಿ, ಖಾನಾಪುರಗಳ ಮಣ್ಣಿನಲ್ಲಿ ಈ ಎರಡೂ ಬರಹಗಳಿಗೆ ಬೇರುಗಳಿವೆ. ಗೆರೆಯ ಲಿಪಿಯ ಹಿಂದೆ ಇಟಲಿಯ ಅರೆಝ್ಝೋ ಊರಿನ ಗೀದೋ ಎಂಬ ಸಂನ್ಯಾಸಿ ಇದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಅವನು ಗೆರೆಗಳ ಮೇಲೆ ಸ್ವರವಿಟ್ಟು, ಹಿಂದೆಂದೂ ಕೇಳದ ಹಾಡನ್ನು ಹುಡುಗರು ಬರೀ ನೋಡಿ ಹಾಡುವಂತೆ ಮಾಡಿದ. ಆ ವಿದ್ಯೆ ಪೋರ್ಚುಗೀಸರ ಜೊತೆ ಗೋವೆಗೆ ಬಂತು, ಅಲ್ಲಿನ ಚರ್ಚಿನ ಶಾಲೆಗಳಲ್ಲಿ ಮಕ್ಕಳ ಬಾಯಿಗೆ ಬಂತು, ಘಟ್ಟ ಹತ್ತಿ ಬಂದ ಕುಟುಂಬಗಳ ಜೊತೆ ಖಾನಾಪುರದ ಕಡೆಗೂ ಬಂತು. 1953ರಲ್ಲಿ ಬೆಳಗಾವಿಯದೇ ಧರ್ಮಪ್ರಾಂತವಾಗುವವರೆಗೆ ಈ ಸೀಮೆಯ ಚರ್ಚುಗಳ ಮುಖ ಗೋವೆಯ ಕಡೆಗೇ ಇತ್ತು. ಇನ್ನೊಂದು ದಾರಿ ಬೆಳಗಾವಿಯ ದಂಡಿನ ಕ್ಯಾಂಪಿನದು. ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿ ನೆಲೆಯೂರಿ ನೂರು ವರ್ಷ ದಾಟಿದೆ, ಅದರ ಬ್ಯಾಂಡಿನವರು ಓದುವುದೂ ಐದು ಗೆರೆಯನ್ನೇ.

ಅಕ್ಷರದ ಲಿಪಿಗೆ ಹೋಗಬೇಕಾದರೆ ಬೆಳಗಾವಿಯ ಕೋಟೆಯೊಳಗೆ ಕಾಲಿಡಬೇಕು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಅಲ್ಲಿದೆ. ಅದಾಗಿ ಕೆಲವೇ ದಶಕಗಳಲ್ಲಿ ಈ ಊರು ದೇವಗಿರಿಯ ಸೇವುಣರ ಕೈಗೆ ಹೋಯಿತು. ಆಗ ಪಟ್ಟದಲ್ಲಿದ್ದವನು ಸಿಂಘಣ. ಅದೇ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಶಾರ್ಙ್ಗದೇವನೇ 'ಸಂಗೀತ ರತ್ನಾಕರ'ವನ್ನು ಬರೆದವನು. ಹಗಲೆಲ್ಲ ರಾಜ್ಯದ ಜಮಾಖರ್ಚು ನೋಡಿದ ಕೈ ಸ್ವರಗಳನ್ನೂ ಅಕ್ಷರಕ್ಕಿಳಿಸಿತಲ್ಲ, ಅದನ್ನು ನೆನೆದರೆ ನನಗೆ ರೋಮಾಂಚನವಾಗುತ್ತದೆ. ಮಂದ್ರದ ಸ್ವರಕ್ಕೆ ಅವನು ತಲೆಯ ಮೇಲೆ ಚುಕ್ಕೆ ಇಡುತ್ತಾನೆ, ತಾರದ ಸ್ವರಕ್ಕೆ ತಲೆಯ ಮೇಲೆ ನಿಂತ ಗೆರೆ. ವಿಷ್ಣು ನಾರಾಯಣ ಭಾತಖಂಡೆಯವರಲ್ಲಿ ಮಂದ್ರದ ಚುಕ್ಕೆ ಸ್ವರದ ಕೆಳಗೆ ಇಳಿದಿದೆ, ತಾರದ ಚುಕ್ಕೆ ಮೇಲೆ ಹತ್ತಿದೆ, ನಿಂತ ಗೆರೆ ತೀವ್ರ ಮಧ್ಯಮದ ಪಾಲಿಗೆ ಹೋಗಿದೆ. ಏಳು ಶತಮಾನಗಳಲ್ಲಿ ಚುಕ್ಕೆ ಜಾಗ ಬದಲಿಸಿತು, ಗೆರೆ ಕೆಲಸ ಬದಲಿಸಿತು. ಸಾ ಮಾತ್ರ ಸಾ ಆಗಿಯೇ ಉಳಿಯಿತು.

ಟೈಪಿಸಲು ಕೂತಾಗ ಮೊದಲ ತಿರುವು ಪಂಚಮದಲ್ಲಿ ಸಿಕ್ಕಿತು. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಭೂಪದ ಐದು ಸ್ವರ ಸಿ, ಡಿ, ಇ, ಜಿ, ಎ. ಸಾ ಹಾಕಿ ಪ ಹಾಕಿದರೆ ಯಂತ್ರ ಪಂಚಮವನ್ನು ಕೆಳಗೆ, ಮಂದ್ರದಲ್ಲಿ ಇಟ್ಟಿತು. ಕಾರಣ ಸರಳ. ಅಕ್ಷರ ಒತ್ತಿದಾಗ ಅದು ಹಿಂದಿನ ಸ್ವರಕ್ಕೆ ಹತ್ತಿರದ ಸ್ಥಾನವನ್ನೇ ಆರಿಸಿಕೊಳ್ಳುತ್ತದೆ. ಸಾದಿಂದ ಮೇಲಿನ ಪಂಚಮಕ್ಕೆ ನಾಲ್ಕು ಮೆಟ್ಟಿಲು, ಕೆಳಗಿನ ಪಂಚಮಕ್ಕೆ ಮೂರು. ಕಂಟ್ರೋಲ್ ಒತ್ತಿಹಿಡಿದು ಮೇಲಿನ ಬಾಣದ ಕೀ ಒತ್ತಿದರೆ ಮಧ್ಯ ಸಪ್ತಕಕ್ಕೆ ಏರುತ್ತದೆ, ಅದೇನು ದೊಡ್ಡ ಮಾತಲ್ಲ. ಆದರೆ ಈ ನಿಯಮವನ್ನು ಬರೆದವರು ಯಾರೇ ಇರಲಿ, ಹಾಡು ಬಹುಪಾಲು ನೆರೆಯ ಸ್ವರಕ್ಕೇ ಕಾಲಿಡುತ್ತದೆ, ದೂರ ನೆಗೆಯುವುದು ಅಪರೂಪ ಎಂಬುದನ್ನು ಅವರು ಕಂಡಿದ್ದಾರೆ. ನಮ್ಮ ಗುರುಗಳು ಪಲಟಾ ಹಾಡಿಸುತ್ತ ಗಂಟಲಿಗೆ ಕಲಿಸಿದ್ದೂ ಅದನ್ನೇ.

ನಿಜವಾದ ಬೆರಗು ಕಾದಿದ್ದದ್ದು ತಾಳದಲ್ಲಿ. ತೀನ್‌ತಾಲದ ಹದಿನಾರು ಮಾತ್ರೆಯನ್ನು ನಾಲ್ಕು ನಾಲ್ಕರ ನಾಲ್ಕು ಬಾರು ಮಾಡಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಮೊದಲ ಬಾರಿನ ಮೊದಲ ಮಾತ್ರೆ ಸಮ್, ತಾಳ ಸುತ್ತಿ ಬಂದು ಸೇರುವ ಜಾಗ, ಮೂರನೆಯ ಬಾರಿನ ಮೊದಲ ಮಾತ್ರೆ ಖಾಲಿ. ಮಧ್ಯಲಯದ ಎಷ್ಟೋ ಬಂದಿಶ್‌ಗಳಂತೆ ನಮ್ಮ ಬಂದಿಶ್ ಕೂಡ ಏಳುವುದು ಒಂಬತ್ತನೆಯ ಮಾತ್ರೆಯಿಂದ, ಖಾಲಿಯಿಂದ. ಹಾಗಾಗಿ ಮೊದಲ ಎರಡು ಬಾರುಗಳನ್ನು ಮುಟ್ಟದೆ ಬಿಟ್ಟು ಮೂರನೆಯದರಲ್ಲಿ ಕರ್ಸರ್ ಇಟ್ಟು ಶುರುಮಾಡಿದೆ.

ಹಾಳೆಯನ್ನು ಖಾನಾಪುರಕ್ಕೆ ಒಯ್ದಾಗ ಅವಳ ಕಣ್ಣು ಮೊದಲು ನಿಂತದ್ದು ಅಲ್ಲೇ. "ಇವೆರಡ ಬಾರ್ ಯಾಕ ಖಾಲಿ ಬಿಟ್ಟೀರಿ, ಸರ್? ತಗದ ಹಾಕಿದ್ರ ನಡೀತದಲ್ರೀ?"

ನಡೆಯುತ್ತದೆ. ತೆಗೆದು ಹಾಕಿದರೆ ಒಂದು ಸ್ವರವೂ ಕಳೆದುಹೋಗುವುದಿಲ್ಲ. ನಾನು ಉತ್ತರ ಹೇಳದೆ, ಕೈಯಲ್ಲಿ ತಾಳ ಹಾಕುತ್ತ ಆ ಎಂಟು ಮಾತ್ರೆಗಳನ್ನು ಎಣಿಸಿದೆ. ಸಮ್‌ಗೆ ಚಪ್ಪಾಳೆ, ಐದಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಅಂಗೈಯನ್ನು ಗಾಳಿಗೆ ಬೀಸಿದೆ, ಬೀಸಿದ ಕೈಯ ಜೊತೆಗೇ ಹಾಡು ಎದ್ದಿತು. ಅವಳು ಪಿಟೀಲು ಎತ್ತಿಕೊಂಡಳು. ಮೊದಲ ಸಲ ಎರಡು ಬಾರು ಬಿಟ್ಟು ನೇರ ಮೂರನೆಯದರಿಂದ ನುಡಿಸಿದಳು. ಸ್ವರ ಸರಿ, ಲಯ ಸರಿ, ಆದರೂ ಸಮ್ ಬಂದಾಗ ಅದು ಸಮ್ ಅನ್ನಿಸಲಿಲ್ಲ. ಎರಡನೆಯ ಸಲ ಮೌನದ ಎರಡೂ ಬಾರುಗಳನ್ನು ಪಾದದಲ್ಲಿ ತಟ್ಟಿ ಎಣಿಸಿ ಎತ್ತಿಕೊಂಡಳು. ಈಗ ಸಮ್ ಬಂದು ನೆಲಕ್ಕೆ ಕಾಲೂರಿತು. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು.

ಎಲ್ಲೂ ಕೇಳಿಸದ ಎಂಟು ಮಾತ್ರೆಗಳು ಕೇಳಿಸುವ ಸ್ವರದ ತೂಕವನ್ನು ಹೇಗೆ ಬದಲಿಸುತ್ತವೆ? ಹಾಡುವವರು ಬಾಯಿ ತೆರೆಯುವ ಮುಂಚೆಯೇ ತಬಲಾದಲ್ಲಿ ಠೇಕಾ ನಡೆಯುತ್ತಿರುತ್ತದೆ, ನಾವು ಅದರೊಳಗೆ ಹೊಗುತ್ತೇವೆ, ಇದು ಹಿಂದೂಸ್ತಾನಿ ಹಾಡುವ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಭಾತಖಂಡೆ ಪದ್ಧತಿಯ ಎಷ್ಟೋ ಪುಸ್ತಕಗಳಲ್ಲಿ ಬರಹ ಶುರುವಾಗುವುದು ಹಾಡು ಏಳುವ ಜಾಗದಿಂದ, ಖಾಲಿಯಿಂದಲೇ. ಅದಕ್ಕೂ ಮುಂಚೆ ನಡೆದ ಎಂಟು ಮಾತ್ರೆಗಳು ಕಾಗದದ ಮೇಲೆ ಇರುವುದಿಲ್ಲ. ಮೌನವನ್ನು ಮೊದಲೇ ಹಾಸಿ ಕೊಡುವ ಯಂತ್ರದಲ್ಲಿ ಅವು ಕಣ್ಣಿಗೆ ಬಿದ್ದವು. ಇನ್ನೂ ಒಂದು ಸಂಗತಿ ಇದೆ. ವಹಿಯಲ್ಲಿ ಖಾಲಿಗೆ ನಾವು ಹಾಕುವ ಗುರುತು ಸೊನ್ನೆ. ಮ್ಯೂಸ್‌ಸ್ಕೋರಿನಲ್ಲಿ ಮೌನ ಹಾಕಲು ಒತ್ತುವ ಕೀ ಕೂಡ ಸೊನ್ನೆ. ಖಾಲಿಯೆಂದರೆ ಮೌನವಲ್ಲ, ಅದು ಚಪ್ಪಾಳೆಯಿಲ್ಲದ ಮಾತ್ರೆ, ಅಲ್ಲಿ ಹಾಡು ಇರಬಹುದು, ನಮ್ಮದರಲ್ಲಿ ಇದೆ ಕೂಡ. ಆದರೂ ಒಬ್ಬರನ್ನೊಬ್ಬರು ಕಾಣದ ಎರಡು ಲೋಕಗಳು, ಹೊಡೆತ ಬೀಳದೆಯೂ ಲೆಕ್ಕಕ್ಕೆ ಬರುವುದನ್ನು ಬರೆಯಲು ಒಂದೇ ಅಂಕಿಗೆ ಕೈ ಹಾಕಿವೆ.

ಬರಹದಿಂದ ಸಂಗೀತ ಬರುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಅವರ ಮಾತನ್ನು ತಳ್ಳಿಹಾಕಲಾರೆ. ಧೈವತದಿಂದ ಪಂಚಮಕ್ಕೆ ಜಾರುವ ಮೀಂಡಿಗೆ ಯಂತ್ರದಲ್ಲಿ ಒಂದು ಓರೆಗೆರೆ ಎಳೆಯಬಹುದು, ಗೆರೆ ಜಾರುವುದಿಲ್ಲ. ಆದರೆ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ನನಗೆ ನೆನಪಾಗುತ್ತಾನೆ. ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ, ಕೇಳಿದ್ದನ್ನು ಹಾಗೇ ಹಾಡಿ ತೋರಿಸಿ ಕುಮಾರ ಗಂಧರ್ವ ಎನ್ನಿಸಿಕೊಂಡವರು ಅವರು. ಕಿವಿಯೊಂದರಿಂದಲೇ ಅಷ್ಟನ್ನು ಪಡೆದವರು, 1965ರ ಹೊತ್ತಿಗೆ 'ಅನೂಪ ರಾಗ ವಿಲಾಸ'ದಲ್ಲಿ ತಮ್ಮ ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದರು. ಕಂಡರಿಯದ ಯಾರದೋ ಗಂಟಲಿಗೆ ಅದು ಸೇರೀತು ಎಂಬ ನಂಬಿಕೆಯಿಲ್ಲದೆ ಯಾರೂ ಹಾಗೆ ಮಾಡುವುದಿಲ್ಲ.

ಮತ್ತೆ ಆ ಹುಡುಗಿಯ ಪ್ರಶ್ನೆಗೇ ಬರುತ್ತೇನೆ, ಎಷ್ಟು ಬೀಟ್ ಎಂಬುದಕ್ಕೆ. ಅದು ಪಾಶ್ಚಾತ್ಯರ ಪ್ರಶ್ನೆ, ನಮ್ಮದು ಯಾವ ಸ್ವರ ಎಂಬ ಪ್ರಶ್ನೆ ಎಂದು ಮೊದಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಭೂಪಕ್ಕೂ ದೇಶಕಾರಕ್ಕೂ ಸ್ವರಗಳು ಅವೇ ಐದು. ಯಂತ್ರದಲ್ಲಿ ಎರಡಕ್ಕೂ ಅವೇ ಐದು ಕೀಲಿ. ಸಂಜೆಯ ಭೂಪ ಗಾಂಧಾರದ ಮೇಲೆ ನಿಲ್ಲುತ್ತದೆ, ಬೆಳಗಿನ ದೇಶಕಾರ ಧೈವತದ ಮೇಲೆ. ಎಲ್ಲಿ ಎಷ್ಟು ಹೊತ್ತು ನಿಂತೆ ಎಂಬುದರಿಂದ ಸಂಜೆ ಬೆಳಗಾಗುತ್ತದೆ. ಸ್ವರ ಯಾವುದೆಂದು ಕೇಳುವ ಮುಂಚೆ ಅಳತೆ ಎಷ್ಟೆಂದು ಕೇಳುವ ಯಂತ್ರ, ರಾಗದ ಜೀವ ಇರುವ ಜಾಗಕ್ಕೇ ಬೆರಳಿಟ್ಟು ಕೇಳುತ್ತಿದೆ ಎಂದು ನನ್ನ ಎಣಿಕೆ.

ಇದನ್ನು ಅವಳಿಗೆ ಹೇಳಿದೆ. ತಾನೇ ಕೀಬೋರ್ಡ್ ಎಳೆದುಕೊಂಡು, "ಹಂಗಾದ್ರ ದೇಶಕಾರ ಮಾಡೋಣ್ರಿ. ಧಾ ಎಷ್ಟ ಇಡ್ಲಿ?" ಎಂದಳು.

"ಇಟ್ಟು ಕೇಳು."

ಒಂದು ಮಾತ್ರೆ ಇಟ್ಟಳು, ಭೂಪದ ಹತ್ತಿರವೇ ಸುಳಿಯಿತು. 6 ಒತ್ತಿ ಎರಡು ಮಾಡಿದಳು, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಚುಕ್ಕೆ ಸೇರಿಸಿ ಮೂರು ಮಾಡಿ ಗಾಂಧಾರವನ್ನು ಅರ್ಧ ಮಾತ್ರೆಗೆ ಇಳಿಸಿದಾಗ ಪಕ್ಕದ ಕೋಣೆಯಿಂದ ಅವಳ ಅಜ್ಜಿ ಇಣುಕಿ ನೋಡಿದರು. ನಾಲ್ಕು ಮಾಡಿದಾಗ ಧೈವತ ಗೆರೆ ದಾಟಿ ಮುಂದಿನ ಬಾರಿಗೆ ಹೋಯಿತು, ಯಂತ್ರ ಅದನ್ನು ತಾನೇ ಎರಡು ತುಂಡು ಮಾಡಿ ನಡುವೆ ಕಮಾನು ಕಟ್ಟಿತು. ಅವಳಿಗೆ ನಾಲ್ಕು ಸರಿ ಅನ್ನಿಸಿತು. ನನಗೆ ಮೂರು.