ಬೀಜದಂತೆ ವೃಕ್ಷವೇ?

ಬೀಜದಂತೆ ವೃಕ್ಷ, ಬಿತ್ತಿದಂತೆ ಬೆಳೆ ಎಂಬ ಮಾತುಗಳನ್ನು ಗೃಹಸ್ಥರಾದ ನಾವು ಎರಡು ಸಂದರ್ಭಗಳಲ್ಲಿ ಆಡುತ್ತೇವೆ. ಒಬ್ಬನು ತನ್ನ ನಡತೆಯ ಫಲವನ್ನು ತಾನೇ ಉಂಡಾಗ ಆಡುವುದು ಒಂದು. ಬಿತ್ತಿದವನೂ ಉಂಡವನೂ ಒಬ್ಬನೇ ಆದುದರಿಂದ ಅದರಲ್ಲಿ ದೋಷವಿಲ್ಲ. ಕನ್ಯೆಯನ್ನು ಕೊಡುವಾಗಲೋ ತರುವಾಗಲೋ ಎದುರು ಮನೆತನದ ಮೂಲವನ್ನು ತೂಗುತ್ತ ಆಡುವುದು ಇನ್ನೊಂದು. ಈ ಎರಡನೆಯ ಬಳಕೆಯು ಸಾಧುವೇ ಎಂಬುದು ಇಲ್ಲಿಯ ಪ್ರಶ್ನೆ. ಇದನ್ನು ನನ್ನಲ್ಲಿ ಎಬ್ಬಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಮನೆಯ ಮಾಳಿಗೆಯ ಮೇಲಿನ ಕೆಲವು ಮೆಣಸಿನ ಸಸಿಗಳು.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಯೋಗ್ಯ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಹಿರಿಯ ಮಗಳಿಗೆ ಒಂದು ಸಂಬಂಧ ಬಂದಿತ್ತು. ವರನು ಲಿಂಗಧಾರಿ, ಉದ್ಯೋಗಸ್ಥ, ದುಶ್ಚಟಗಳಿಲ್ಲದವನು. ಹುಡುಗಿಗೂ ಮನಸ್ಸಿತ್ತು. ಒಳಪಂಗಡವೊಂದು ಮಾತ್ರ ಬೇರೆ. ಹಿರಿಯನೆಂದು ನನ್ನನ್ನು ಕೇಳಿದರು. “ನೆಲ ಎಂಥಾದ್ದಾದರೂ ಆದೀತು ತಮ್ಮಾ, ಬೀಜ ನೋಡಿ ಬಿತ್ತಬೇಕು” ಎಂದೆ. ಯಾರೂ ಎದುರಾಡಲಿಲ್ಲ. ಮಾತುಕತೆ ಅಲ್ಲಿಗೇ ಮುಗಿಯಿತು. ಆ ಸಾಯಂಕಾಲ ಎಂದಿನಂತೆ ಲಿಂಗಪೂಜೆಗೆ ಕುಳಿತೆ. ಅಂದು ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕು ಹುಟ್ಟಲಿಲ್ಲವೆಂಬುದನ್ನು ನೆನೆದರೆ ಇಂದು ಅಳುಕಾಗುತ್ತದೆ.

ನಿವೃತ್ತನಾದ ಮೇಲೆ ನರ್ಸರಿಯೊಂದರಿಂದ ಅಲಂಕಾರದ ಮೆಣಸಿನಗಿಡವೊಂದನ್ನು ತಂದೆ. ಅಡಿಗೆಯ ಮೆಣಸಿನಕಾಯಿಯ ಜಾತಿಯದೇ ಅದು. ಆದರೆ ಕಾಯಿಗಳು ಕೆಳಗೆ ಜೋಲದೆ, ಬೆರಳ ತುದಿಯಷ್ಟಿದ್ದು, ಆಕಾಶಕ್ಕೆ ಮುಖಮಾಡಿ ನಿಲ್ಲುತ್ತವೆ. ಒಂದೇ ಗಿಡದಲ್ಲಿ ಒಂದೇ ದಿನ ನೇರಳೆ, ಕೆನೆಬಣ್ಣ, ಕಿತ್ತಳೆ, ಕೆಂಪು ಕಾಯಿಗಳನ್ನು ಕಾಣಬಹುದು. ಇವು ಬೇರೆಬೇರೆ ಕಾಯಿಗಳಲ್ಲ. ಒಂದೇ ಕಾಯಿಯು ಮಾಗುವ ಹಂತಗಳು. (ಪ್ರಸಂಗವಶಾತ್ ಹೇಳುವುದಾದರೆ, ಮೆಣಸಿನಕಾಯಿಯು ಅಮೆರಿಕಾ ಖಂಡದ ಸಸ್ಯ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದುದು. ಕಲ್ಯಾಣದ ಶರಣರು ಇದನ್ನು ಕಂಡವರೇ ಅಲ್ಲ; ಅವರ ಅಡಿಗೆಯ ಖಾರವು ಕಾಳುಮೆಣಸಿನದು.)

ಆ ಗಿಡದ ಚೆಲುವಿಗೆ ಮರುಳಾಗಿ, ಅದರ ಬೀಜದಿಂದಲೇ ಇನ್ನಷ್ಟು ಗಿಡಗಳನ್ನು ಮಾಡಬೇಕೆಂದು ಬಯಸಿದೆ. ಪೂರ್ತಿ ಕೆಂಪಾಗಿ ಸುಕ್ಕುಗಟ್ಟುವವರೆಗೆ ಕಾಯಿಗಳನ್ನು ಗಿಡದಲ್ಲಿಯೇ ಬಿಟ್ಟು, ಅನಂತರ ಬೀಜ ತೆಗೆದು ನೆರಳಿನಲ್ಲಿ ಒಣಗಿಸಿದೆ. ತೆಂಗಿನ ನಾರಿನ ಪುಡಿಗೆ ಕಳಿತ ಗೊಬ್ಬರ ಬೆರೆಸಿ, ಅರ್ಧ ಸೆಂಟಿಮೀಟರಿನಷ್ಟೇ ಆಳದಲ್ಲಿ ಬಿತ್ತಿದೆ. ಮಣ್ಣಿನ ಕಾವು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಅಕ್ಕರೆ ಹೆಚ್ಚಾಗಿ ಮೊದಲ ಸಲ ದಿನಕ್ಕೆರಡು ಬಾರಿ ನೀರೆರೆದೆ; ಬುಡ ಕೊಳೆತು ಎಲ್ಲ ಸಸಿಗಳೂ ಮಲಗಿಬಿಟ್ಟವು. ಎರಡನೆಯ ಸಲ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಟ್ಟೆ. ಇಪ್ಪತ್ತು ಸಸಿಗಳು ಉಳಿದವು. ನಾಲ್ಕಾರು ಎಲೆ ಬಂದ ಮೇಲೆ ಒಂದೊಂದನ್ನೂ ಬೇರೆ ಕುಂಡಕ್ಕೆ ಬದಲಿಸಿದೆ.

ಕಾಯಿ ಬಿಟ್ಟಾಗ ನೋಡಿದರೆ, ತಾಯಿಗಿಡದಂತೆ ಇದ್ದವು ಕೆಲವೇ. ಕೆಲವು ನೇರಳೆಯ ಲೇಶವೂ ಇಲ್ಲದ ಅಚ್ಚಹಸುರು. ಕೆಲವುಗಳ ಕಾಯಿ ಜೋಲುತ್ತಿದ್ದವು. ಒಂದಂತೂ ಉದ್ದನೆಯ ಕಾಯಿ ಬಿಟ್ಟು ಅಡಿಗೆಮನೆಗೇ ನೆಂಟನಾಯಿತು. ವಿಚಾರಿಸಲಾಗಿ ಕಾರಣ ತಿಳಿಯಿತು. ನಾನು ತಂದುದು ಎರಡು ತಳಿಗಳ ಸಂಕರದಿಂದ ಹುಟ್ಟಿದ ಗಿಡ. ಇಂತಹ ಗಿಡದಲ್ಲಿ ಅಡಗಿರುವ ಗುಣಗಳು ಮುಂದಿನ ತಲೆಮಾರಿನಲ್ಲಿ ಬೇರ್ಪಟ್ಟು ಮೇಲೇಳುತ್ತವೆ. ಬ್ರನೋ ನಗರದ ಮೆಂಡೆಲ್ ಎಂಬವನು ಬಟಾಣಿಯ ಮೇಲೆ ಇದನ್ನು ಪರೀಕ್ಷಿಸಿ 1866ರಲ್ಲಿ ಪ್ರಕಟಿಸಿದನು. ಅವನೂ ಒಂದು ಮಠದ ನಿವಾಸಿಯೇ. ಅಲ್ಲದೆ ಮೆಣಸಿನ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟಿದರೂ, ಜೇನ್ನೊಣವು ನೆರೆಯ ಗಿಡದ ಪರಾಗವನ್ನು ತರುವುದುಂಟು.

ಆಶ್ಚರ್ಯ ಇಷ್ಟಕ್ಕೇ ಮುಗಿಯಲಿಲ್ಲ. ‘ಬ್ಲ್ಯಾಕ್ ಪರ್ಲ್’ ಎಂಬ ಕಪ್ಪೆಲೆಯ ತಳಿಯೊಂದುಂಟು. ಬಿಸಿಲು ತುಂಬ ಬಿದ್ದರೆ ಅದರ ಎಲೆ ಕಪ್ಪಾಗುತ್ತದೆ. ನೆರಳಿನಲ್ಲಿಟ್ಟರೆ ಹಸುರುಹಸುರಾಗಿಯೇ ಉಳಿಯುತ್ತದೆ. ಬೀಜ ಒಂದೇ, ತಾವು ಬೇರೆ. ಇನ್ನು ಮೆಣಸಿನಕಾಯಿಯ ಖಾರವು ಬೀಜದಲ್ಲಿದೆಯೆಂದು ನಾವೆಲ್ಲರೂ ನಂಬಿದ್ದೇವಷ್ಟೆ? ಅದೂ ನಿಜವಲ್ಲ. ಖಾರ ಹುಟ್ಟುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ಭಾಗದಲ್ಲಿ. ಬೀಜಕ್ಕೆ ತಗಲಿರುವುದು ಅದರ ಸೋಂಕು.

ಇಷ್ಟನ್ನು ಕಂಡಮೇಲೆ, ಬೀಜದ ಮಾತು ಸುಳ್ಳಾಯಿತು, ಕುಲದ ವಾದ ಬಿದ್ದುಹೋಯಿತು ಎಂದು ಬರೆದು ಮುಗಿಸುವ ಆಸೆ ನನಗೂ ಆಯಿತು. ಆದರೆ ಅದು ಪ್ರಾಮಾಣಿಕವಾಗದು. ಹಲವು ತಲೆಮಾರು ಆರಿಸಿ ಶುದ್ಧಪಡಿಸಿದ ತಳಿಯ ಬೀಜವು ತಾಯಿಯಂತೆಯೇ ಗಿಡವನ್ನು ಕೊಡುತ್ತದೆ. ಬ್ಯಾಡಗಿಯ ಸೀಮೆಯ ರೈತನು ಒಳ್ಳೆಯ ಹಣ್ಣುಗಳನ್ನು ಬೀಜಕ್ಕೆಂದು ತೆಗೆದಿಡುವುದು ಮೂಢತನವಲ್ಲ. ಹಾಗಾದರೆ ನನ್ನ ಇಪ್ಪತ್ತು ಸಸಿಗಳೂ ತಾಯಿಯಂತೆಯೇ ಬಂದಿದ್ದರೆ, ಅಂದು ನಾನು ಆಡಿದ ಮಾತು ಸರಿಯಾಗುತ್ತಿತ್ತೇ? ಆಗುತ್ತಿರಲಿಲ್ಲ. ದೃಷ್ಟಾಂತವು ವಿಷಯವನ್ನು ಬೆಳಗಬಲ್ಲದು, ಸಾಧಿಸಲಾರದು. ಗಿಡಕ್ಕೆ ದೀಕ್ಷೆಯಿಲ್ಲ, ಕಾಯಕವಿಲ್ಲ. ಇಂತಹದನ್ನು ಬಿಡುವೆ, ಇಂತಹದನ್ನು ಹಿಡಿಯುವೆ ಎಂಬ ಸಂಕಲ್ಪವಿಲ್ಲ. ಇವೆಲ್ಲವೂ ಉಳ್ಳವನನ್ನು ಬೀಜವೆಂದು ಕರೆದಾಗಲೇ ಮಾತು ದಾರಿ ತಪ್ಪಿತು.

ಅದಕ್ಕಿಂತಲೂ ಒಳಗಿನ ದೋಷವೊಂದಿದೆ. ಹಸುರಾಗಿ ಬಂದ ಸಸಿಗಳಲ್ಲಿ ಕೆಲವನ್ನು ನಾನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಅವು ನನ್ನ ಕಣ್ಣಿನ ಸಂತೋಷಕ್ಕಾಗಿಯೇ ಬಿತ್ತಿದವು. ಸಂತೋಷ ಕೊಡದಿದ್ದಾಗ ಕಿತ್ತೆ. ತೋಟಗಾರನಿಗೆ ಆ ಅಧಿಕಾರವುಂಟು. ಬೀಜದ ಮಾತನ್ನು ಮದುವೆಯ ಚಾವಡಿಗೆ ತಂದವನು ತನಗರಿಯದಂತೆ ಆ ಅಧಿಕಾರವನ್ನೂ ಅಲ್ಲಿಗೆ ತರುತ್ತಾನೆ. ತಾನು ತೋಟಗಾರ, ಎದುರಿಗೆ ಕುಳಿತವರು ಸಸಿಗಳು! ಆ ಹುಡುಗನ ನಡೆಯೇನು, ನುಡಿಯೇನು ಎಂಬುದನ್ನು ನಾನು ಕೇಳಲೇ ಇಲ್ಲ. ಕೇಳುವ ಶ್ರಮವನ್ನು ಗಾದೆಯು ಉಳಿಸಿಕೊಟ್ಟಿತ್ತು.

ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ ಕಥೆಯನ್ನು ಶ್ರಾವಣದ ಪುರಾಣಗಳಲ್ಲಿ ನಾವು ಕೇಳಿದ್ದೇವೆ. ಬ್ರಾಹ್ಮಣ್ಯದಿಂದ ಬಂದವನೊಬ್ಬ, ಚರ್ಮದ ಕಾಯಕದವನೊಬ್ಬ. ಆ ಸಂಬಂಧಕ್ಕಾಗಿ ಇಬ್ಬರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಕೇಳುವಾಗ ಕಣ್ಣು ತೇವವಾಗುತ್ತದೆ. ಪ್ರಸಾದ ತೆಗೆದುಕೊಂಡು ಮನೆಗೆ ಬಂದು, ಲಿಂಗಧಾರಿಯಾದ ವರನ ಒಳಪಂಗಡ ಯಾವುದೆಂದು ವಿಚಾರಿಸುತ್ತೇವೆ. ನಾನಂತೂ ವಿಚಾರಿಸಿದವನು.

ತಮ್ಮನ ಹಿರಿಯ ಮಗಳು ಇಂದಿಗೂ ಆ ವಿಷಯವಾಗಿ ನನ್ನೊಡನೆ ಒಂದು ಮಾತನ್ನೂ ಆಡಿಲ್ಲ. ಬಂದಾಗ ಕಾಲುಮುಟ್ಟಿ ನಮಸ್ಕರಿಸುತ್ತಾಳೆ, ಅಷ್ಟೆ. ಈಗ ಕಿರಿಯವಳಿಗೆ ಸಂಬಂಧ ಬಂದಿದೆ. ಈ ಸಲವೂ ಪಂಗಡ ಬೇರೆಯಂತೆ. ಬರುವ ಸೋಮವಾರ ಹಿರಿಯರು ಕೂಡುತ್ತಾರೆ, ನೀನು ಬಂದು ಒಂದು ಮಾತು ಹೇಳಬೇಕು ಎಂದು ತಮ್ಮನು ಹೇಳಿ ಕಳುಹಿಸಿದ್ದಾನೆ. ಆ ಕೂಟದಲ್ಲಿ ಮೊದಲು ಹಿರಿಯವಳ ವಿಷಯವನ್ನೇ ಎತ್ತಬೇಕೆಂದಿದ್ದೇನೆ.